ತಿರುಮಲ ಸರ್ ಹೆಸರಿನ ನೂರೈವತ್ತು ಗಂಟೆ

ಜನವರಿ 11, ಭಾನುವಾರ. ಮಧ್ಯಾಹ್ನ 3

ಎಂಟೂವರೆಯ ಬಸ್ಸು. ಒಂಬತ್ತೂವರೆಗೆ ಹೊಸಪೇಟೆಯ ಡಯಾಲಿಸಿಸ್ ಕೇಂದ್ರ. ರಿಜಿಸ್ಟರಿನಲ್ಲಿ ಸಹಿ, ಚಪ್ಪಲಿ ಹೊರಗೆ, ಕೈ ತೊಳೆದು ಸ್ಟೂಲ್ ಎಳೆದುಕೊಂಡೆ. ಏಳು ಹಾಸಿಗೆ, ಏಳು ಮಷಿನ್, ನಾಲ್ಕು ಗಂಟೆ. ರಕ್ತ ಹೊರಗೆ ಹೋಗಿ ಶುದ್ಧವಾಗಿ ಬರುವ ತನಕ ಯಾರೂ ಎದ್ದು ಹೋಗುವಂತಿಲ್ಲ. ಕಥೆ ಹೇಳುವವನಿಗೆ ಇಂಥ ಸಭೆ ಬೇರೆಲ್ಲಿ ಸಿಗಬೇಕು.

ಇವತ್ತು ಮೊಸಳೆಯ ಹಲ್ಲುನೋವಿನ ಕಥೆ. ಎಮ್ಮಿಗನೂರಿನಲ್ಲಿ ನಮ್ಮಜ್ಜಿ ಅಕ್ಕಿ ಕೇರುತ್ತ ಹೇಳುತ್ತಿದ್ದದ್ದು. ಹೊಳೆಯ ಮೊಸಳೆಗೆ ಹಲ್ಲುನೋವು, ಯಾರೂ ಹತ್ತಿರ ಬರುವುದಿಲ್ಲ. ಕೊನೆಗೆ ಬಾಚಣಿಗೆ ಮಾರುವ ಮುದುಕಿಯೊಬ್ಬಳು ಬಂದು, ಅದರ ಬಾಯಿಗೆ ಒನಕೆ ಅಡ್ಡ ಕೊಟ್ಟು, ಭುಜದ ತನಕ ಕೈ ಹಾಕಿ... ಅಲ್ಲಿಗೆ ನಿಲ್ಲಿಸಿದೆ. ಕಂಪ್ಲಿಯ ಹಂಪಕ್ಕನಿಗೆ ಸಿಟ್ಟು ಬಂತು.

"ಲೇ ಅಂದಾನಪ್ಪ, ಮುದುಕಿ ಕೈ ಒಳಗಿಟ್ಟು ಸುಮ್ನಾಗ್ತೀಯಲ್ಲೋ! ಮುಂದ್ ಹೇಳು."

"ನೀ ಹೂಂ ಅನ್ನಲಿಲ್ಲಲ್ಲ."

"ಹೂಂ, ಹೂಂ, ಹೂಂ! ಮುಂದಿನ ವಾರದ್ದೂ ಸೇರ್ಸಿ ಅಂದೀನಿ. ಜಲ್ದಿ ಕೈ ತೆಗಿಸು."

ಏಳೂ ಜನ ಕಂಪ್ಲಿ ಕಡೆಯವರು. ಟ್ರಸ್ಟಿನ ಟ್ರ್ಯಾಕ್ಸ್ ಗಾಡಿಯೇ ಅವರನ್ನು ಕರೆತಂದು ಮನೆ ಮುಟ್ಟಿಸುವುದು. ಇವತ್ತು ಹೊರಡುವಾಗ ಕರಿ ಹೊಗೆ. ಟ್ರಸ್ಟ್ ನಡೆಸುವ ಸುವರ್ಣಮ್ಮ ಹೊಗೆಯನ್ನೇ ನೋಡುತ್ತ ನಿಂತಿದ್ದರು. ಎಂಜಿನ್ ಪೂರ್ತಿ ಬಿಚ್ಚಬೇಕಂತೆ. ಅಷ್ಟು ದುಡ್ಡು ಟ್ರಸ್ಟಿನಲ್ಲಿಲ್ಲ.

ಜನವರಿ 14, ಬುಧವಾರ

ಅದಿರು ಲಾರಿ ತೂಕ ಮಾಡುವ ನಮ್ಮ ಕ್ಯಾಬಿನ್ ಗೋಡೆಗೆ ಹೊಸ ಪೋಸ್ಟರ್. ನೌಕರರು ಬಿಡುವಿನಲ್ಲಿ ಯಾವುದಾದರೂ ಸೇವಾ ಸಂಸ್ಥೆಗೆ ದುಡಿದರೆ, ಆ ಗಂಟೆಗಳ ಲೆಕ್ಕದ ಮೇಲೆ ಕಂಪನಿ ಆ ಸಂಸ್ಥೆಗೆ ಅನುದಾನ ಕೊಡುತ್ತದಂತೆ. ವರ್ಷಕ್ಕೆ ನೂರೈವತ್ತು ಗಂಟೆ ದಾಟಿದರೆ ಅತಿ ದೊಡ್ಡ ಮೊತ್ತ. ಏಪ್ರಿಲ್‌ನಿಂದ ಇಲ್ಲಿಯವರೆಗೆ ನಾನು ಒಂದು ಭಾನುವಾರವೂ ತಪ್ಪಿಸಿಲ್ಲ. ಆಗಲೇ ದಾಟಿದೆ!

ಸುವರ್ಣಮ್ಮನಿಗೆ ಫೋನ್ ಮಾಡಿದೆ. "ಎಂಜಿನ್ ಆಗತೈತೇನಪ್ಪ ಅದ್ರಾಗ?" ಅಂದರು. ಎಂಜಿನ್ ಆಗಿ ಟೈರೂ ಆಗುತ್ತದೆ.

ಜನವರಿ 19, ಸೋಮವಾರ

ಹೆಸರು ಬರೆಸಲು ಆಫೀಸಿಗೆ ಹೋದೆ. ಎಚ್.ಆರ್. ನೀರಜಾ ಮೇಡಂ ನನ್ನ ನಂಬರ್ ಕಂಪ್ಯೂಟರಿಗೆ ಹಾಕಿದರು. ಕೆಂಪು ಅಕ್ಷರ ಬಂತು. ಮತ್ತೆ ಹಾಕಿದರು. ಮತ್ತೆ ಕೆಂಪು.

"ಅಂದಾನಪ್ಪ, ನೀವು ಕಾಂಟ್ರ್ಯಾಕ್ಟ್ ಅಲ್ವಾ? ಈ ಸ್ಕೀಮ್ ಪರ್ಮನೆಂಟ್ ನೌಕರರಿಗೆ ಮಾತ್ರ."

"ಹದಿನೆಂಟು ವರ್ಷ ಆತಲ್ರೀ ಮೇಡಂ, ಇದ ಗೇಟಿನಾಗ."

"ನನಗೂ ಬೇಜಾರಾಗುತ್ತೆ. ಆದ್ರೆ ಸಿಸ್ಟಮ್ ತಗೊಳ್ಳಲ್ಲ."

ಸುರಕ್ಷತಾ ದಿನದಂದು ಕಂಪನಿ ಟೋಪಿ ಹಾಕಿಸಿ, ಕಂಪನಿ ಪ್ರತಿಜ್ಞೆ ಹೇಳಿಸಿ, ಮುಂದಿನ ಸಾಲಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆವತ್ತು ನಾನು ಕಂಪನಿಯವನು. ಲಾರಿಯವರು ತೂಕದಲ್ಲಿ ಮೋಸ ಮಾಡಿದರೆ ಉತ್ತರ ಕೊಡುವಾಗಲೂ ಕಂಪನಿಯವನು. ಒಂದು ಒಳ್ಳೆಯ ಕೆಲಸಕ್ಕೆ ಹೆಸರು ಬರೆಸಲು ಹೋದರೆ ಮಾತ್ರ ಗುತ್ತಿಗೆದಾರನ ಆಳು. ನನಗೇನು ಸಂಬಳ ಹೆಚ್ಚಿಸಿ ಅಂದೆನೆ? ಗಾಡಿಯ ಎಂಜಿನ್...

ಸುವರ್ಣಮ್ಮನಿಗೆ ಇನ್ನೂ ಹೇಳಿಲ್ಲ.

ಫೆಬ್ರವರಿ 8, ಭಾನುವಾರ

ಟ್ರ್ಯಾಕ್ಸ್ ನಿಂತು ಹತ್ತು ದಿನ. ಏಳು ಹಾಸಿಗೆಯಲ್ಲಿ ಇವತ್ತು ನಾಲ್ಕೇ ತುಂಬಿದ್ದವು. ಮೂವರು ಬಂದಿಲ್ಲ. ಬರದಿದ್ದರೆ ಏನಾಗುತ್ತದೆ ಅಂತ ಅಲ್ಲಿರುವ ಎಲ್ಲರಿಗೂ ಗೊತ್ತು.

ಹಂಪಕ್ಕ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬುಧವಾರದ ಸರದಿ ಮುಗಿಸಿ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದಳಂತೆ, ಅದೂ ಸೂಜಿ ಚುಚ್ಚುವ ಕೈ ಮೇಲೆಯೇ. ಮೊಣಕೈಯಿಂದ ಮಣಿಕಟ್ಟಿನವರೆಗೆ ನೇರಳೆ ಬಣ್ಣ.

"ಸೀಟು ಕೇಳ್ಬೇಕಿತ್ತಲ್ಲ ಅಕ್ಕ."

"ಕೇಳಿದ್ನೋ. ಗಟ್ಟಿಮುಟ್ಟಾಗಿದೀಯಲ್ಲ ಬೇ, ನಿಂದ್ರು ಅಂದ್ರು. ಇನ್ನೊಂದೀಟು ಸೊರಗಿ ಬರ್ಬೇಕಿತ್ತು."

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ.

ಫೆಬ್ರವರಿ 10, ಮಂಗಳವಾರ

ತಿರುಮಲ ಸರ್ ಕರೆಸಿದರು. ನಮ್ಮ ವಿಭಾಗದ ಮ್ಯಾನೇಜರ್. ನೀರಜಾ ಮೇಡಂ ಪಕ್ಕದಲ್ಲಿ ಕೂತಿದ್ದರು, ನನ್ನ ಮುಖ ನೋಡಲಿಲ್ಲ. ನಮ್ಮ ಘಟಕದಿಂದ ಒಬ್ಬರೂ ಸೇವೆಗೆ ಹೆಸರು ಕೊಟ್ಟಿಲ್ಲವಂತೆ. ಹೆಡ್ ಆಫೀಸಿನವರು ಕೇಳುತ್ತಿದ್ದಾರಂತೆ.

"ಸಿಂಪಲ್ ಅಂದಾನಪ್ಪ. ಗಂಟೆ ನಿಮ್ದು, ಹೆಸರು ನಂದು, ದುಡ್ಡು ಅವರಿಗೆ. ಇದ್ರಲ್ಲಿ ಯಾರಿಗೆ ಲಾಸ್ ಹೇಳಿ?"

"ಸರ್, ನೀವು ಒಂದ ಸಲಾನೂ ಅಲ್ಲಿಗೆ ಬಂದಿಲ್ಲಲ್ರೀ."

"ಮನಸ್ಸಲ್ಲಿ ಇದೆ ಕಣ್ರೀ. ಟೈಮೇ ಆಗ್ತಿಲ್ಲ."

ಮನಸ್ಸಲ್ಲಿ ಇದೆ! ನೂರೈವತ್ತು ಗಂಟೆ ಮನಸ್ಸಲ್ಲಿ!

ಫೆಬ್ರವರಿ 15, ಭಾನುವಾರ

ನೂರೈವತ್ತು ಗಂಟೆ ತಿರುಮಲ ಸರ್ ಸೇವೆ ಮಾಡಿದ್ದಾರೆ ಅಂತ ಟ್ರಸ್ಟು ಪತ್ರ ಕೊಡಬೇಕು. ನನ್ನಿಂದ ಎಲ್ಲ ಕೇಳಿಕೊಂಡು ಸುವರ್ಣಮ್ಮ ಪೆನ್ ಹಿಡಿದು ಕೂತಿದ್ದರು. "ನೀ ಒಪ್ಪೂ ತನಕ ಸಹಿ ಮಾಡಂಗಿಲ್ಲ ನಾನು."

"ರಿಜಿಸ್ಟರ್ ತುಂಬ ನನ್ನ ಸಹಿ ಅದಾವಲ್ರೀ ಅಮ್ಮ."

"ಅದಾವಪ್ಪ. ಆ ರಿಜಿಸ್ಟರ್ ಮ್ಯಾಲೆ ಹಂಪಕ್ಕನ್ನ ಕುಂದ್ರಿಸ್ಕೊಂಡು ಕಂಪ್ಲಿಗೆ ಹೋಗಾಕ ಬರತೈತೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದರು. ಮಾಡ್ರಿ ಅಂದೆ.

ಫಾರ್ಮಿನಲ್ಲಿ 'ಮಾಡಿದ ಕೆಲಸ' ಅಂತ ಒಂದು ಜಾಗ ಇತ್ತು. ಅದನ್ನು ನಾನೇ ತುಂಬಿದೆ. ರೋಗಿಗಳಿಗೆ ಕಥೆ ಹೇಳುವುದು, ಉದಾಹರಣೆಗೆ ಮೊಸಳೆಯ ಹಲ್ಲುನೋವಿನ ಕಥೆ. ಹೆಸರು ಯಾರದಾದರೂ ಇರಲಿ, ಕೆಲಸ ಏನು ಅಂತಲಾದರೂ ಗೊತ್ತಾಗಲಿ ಎಂಬ ಹಟ.

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 11

ಹದಿನೆಂಟು ವರ್ಷದಲ್ಲಿ ಮೊದಲ ಸಲ ಮ್ಯಾನೇಜರ್ ಒಬ್ಬರು ನಮ್ಮ ತೂಕದ ಕ್ಯಾಬಿನ್ ಮೆಟ್ಟಿಲು ಹತ್ತಿದರು. ಕರ್ಚೀಫಿನಿಂದ ಕುರ್ಚಿ ಒರೆಸಿಕೊಂಡು ಕೂತರು. ದುಡ್ಡು ಬಿಡುಗಡೆಗೆ ಮುಂಚೆ ಹೆಡ್ ಆಫೀಸಿನವರು ವಿಡಿಯೊ ಕಾಲ್ ಮಾಡುತ್ತಾರಂತೆ. ಅವರಿಗೆ ಆ ಕಥೆ ತಿರುಮಲ ಸರ್ ಬಾಯಿಂದಲೇ ಕೇಳಬೇಕಂತೆ.

"ಆ ಮೊಸಳೆದು ಒಂದ್ಸಲ ವಾಟ್ಸಾಪ್ ಮಾಡಿಬಿಡಿ ಅಂದಾನಪ್ಪ."

ಗಂಟೆ ಕೊಟ್ಟಾಯಿತು. ಈಗ ಕಥೆಯೂ ಬೇಕು. ನಮ್ಮಜ್ಜಿಗೆ ಹೊಲ ಇರಲಿಲ್ಲ, ಬಂಗಾರ ಇರಲಿಲ್ಲ. ಅವಳು ನನಗೆ ಕೊಟ್ಟು ಹೋದದ್ದು ಇದೊಂದೇ. ಕೊಡುವುದಿಲ್ಲ ಅಂದರೆ ಈ ಮನುಷ್ಯ ಆ ಕಾಲ್‌ನಲ್ಲಿ ತಡವರಿಸುತ್ತಾನೆ, ಸುಳ್ಳು ಬಯಲಾಗುತ್ತದೆ. ಆಮೇಲೆ ಟ್ರ್ಯಾಕ್ಸ್ ಎಲ್ಲಿ, ದುಡ್ಡೆಲ್ಲಿ.

"ಕಥಿ ವಾಟ್ಸಾಪಿನಾಗ ಬರಂಗಿಲ್ರಿ ಸರ್. ಭಾನುವಾರ ಒಂಬತ್ತೂವರಿಗೆ ಕೇಂದ್ರಕ್ಕ ಬರ್ರಿ," ಅಂದೆ.

ಮಾರ್ಚ್ 8, ಭಾನುವಾರ

ಬಂದರು! ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ನಾನು ಒಂದು ವಾಕ್ಯ ಹೇಳುವುದು, ಅವರು ಹಿಂದೆಯೇ ಹೇಳುವುದು. ಕಲಿಸುವವನು ನಾನು, ಪರೀಕ್ಷೆ ಮಾಡುವವಳು ಹಂಪಕ್ಕ.

"ಬಾಚಣಿಗೆ ಮಾರುವ ಒಬ್ಬ ಮಹಿಳೆ ಬಂದರು," ಅಂದರು ಸರ್.

"ಮಹಿಳಿ ಅಲ್ರೀ, ಮುದುಕಿ! ಮತ್ತ ಮೊದಲಿಂದ ಹೇಳ್ರಿ."

ಮೂರು ಸಲ ಮೊದಲಿಂದ. ಶರ್ಟು ಬೆನ್ನಿಗೆ ಅಂಟಿತು. ಕೊನೆಗೆ ಸರ್ ಕೇಳಿದರು, "ಇದರ ಮಾರಲ್ ಏನಮ್ಮ?"

"ಮಾರಲ್ ಗೀರಲ್ ಇಲ್ರೀ ಇದ್ರಾಗ. ಮೊಸಳಿ ಐತಿ."

ಹನ್ನೊಂದಕ್ಕೆ ಹೊರಟೇಬಿಟ್ಟರು, ಮೀಟಿಂಗ್ ಅಂತೆ. ಹಾಸಿಗೆಯಲ್ಲಿದ್ದವರಲ್ಲಿ ಯಾರ ಹೆಸರನ್ನೂ ಕೇಳಲಿಲ್ಲ. ಹಂಪಕ್ಕನ ಕೈಯ ನೇರಳೆ ಕಲೆ ಇನ್ನೂ ಪೂರ್ತಿ ಮಾಸಿರಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ.

ಮಾರ್ಚ್ 15, ಭಾನುವಾರ. ಸಂಜೆ

ಕೇಂದ್ರದಲ್ಲಿ ಸರ್ ನನ್ನ ಸ್ಟೂಲಿನ ಮೇಲೆ ಕೂತಿದ್ದಾಗ ಕಾಲ್ ಬಂತು. ನೀರಜಾ ಮೇಡಂ ಫೋನ್ ಹಿಡಿದಿದ್ದರು. ನಾನು ಬಾಗಿಲ ಹಿಂದೆ, ಫೋನಿಗೆ ಕಾಣದ ಹಾಗೆ. ನಿಲ್ಲಿ ಅಂತ ಅವರೇ ಜಾಗ ತೋರಿಸಿದ್ದು.

ಸರ್ ಚೆನ್ನಾಗಿಯೇ ಹೇಳಿದರು. ಒನಕೆ ಬಂತು, ಹಲ್ಲು ಬಂತು. ಆ ಕಡೆಯವರು ನಕ್ಕರು, ಚಪ್ಪಾಳೆ ತಟ್ಟಿದರು. ಆಮೇಲೆ ಅಲ್ಲಿನ ಮೇಡಂ ಕೇಳಿದರು, ಇಷ್ಟು ಚೆಂದದ ಕಥೆ ಎಲ್ಲಿ ಕಲಿತಿರಿ ಸರ್?

"ನಮ್ಮ ಅಜ್ಜಿ ಹೇಳ್ತಿದ್ರು ಮೇಡಂ. ಚಿಕ್ಕವನಿದ್ದಾಗ, ಹಳ್ಳಿಯಲ್ಲಿ."

ಅದನ್ನು ನಾನು ಕಲಿಸಿರಲಿಲ್ಲ.

ಹಂಪಕ್ಕ ಎದ್ದು ಕೂರಲು ಹೋದಳು, ಮಷಿನ್ ಕೂಗಿತು. ಅವಳ ಬಾಯಿ ತೆರೆದಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲ ಆಚೆ ಬರುತ್ತಿತ್ತು. ನಾನೇ ಬಾಗಿಲ ಹಿಂದಿನಿಂದ ಬ್ಯಾಡ ಅಂತ ಕೈ ಆಡಿಸಿದೆ. ಅವಳು ಮಲಗಿ, ಗೋಡೆ ಕಡೆ ಮುಖ ತಿರುಗಿಸಿದಳು.

ನನ್ನ ಬಾಯಿ ಅವರು ಮುಚ್ಚಿಸಿದರು. ಅವಳ ಬಾಯಿ ನಾನು ಮುಚ್ಚಿಸಿದೆ.

ಏಪ್ರಿಲ್ 5, ಭಾನುವಾರ

ಟ್ರ್ಯಾಕ್ಸ್ ಬಂತು. ಹೊಗೆ ಇಲ್ಲ. ಆರು ಜನ ಇಳಿದರು. ಫೆಬ್ರವರಿಯಿಂದ ಆಗಾಗ ತಪ್ಪಿಸುತ್ತಿದ್ದ ಮೂವರಲ್ಲಿ ಒಬ್ಬರು ಇನ್ನು ಬರುವುದಿಲ್ಲ. ಗಾಡಿಯ ಬಾಗಿಲ ಮೇಲೆ ಕಂಪನಿಯ ಹೆಸರು, ಹೊಸ ಬಣ್ಣ. ತಿರುಮಲ ಸರ್‌ಗೆ ಪ್ರಶಸ್ತಿ ಬಂದ ಫೋಟೊ ಶುಕ್ರವಾರವೇ ನಮ್ಮ ಕ್ಯಾಬಿನ್ ಗೋಡೆಗೆ ಬಂದಿದೆ. ದಿನಕ್ಕೆ ಎಂಟು ಗಂಟೆ ಅದರ ಎದುರು ಕೂರಬೇಕು.

ಸ್ಟೂಲ್ ಎಳೆದುಕೊಂಡೆ. ಹಂಪಕ್ಕ ಮೊಸಳೆ ಕಥೆಯೇ ಬೇಕು ಅಂದಳು. ಬ್ಯಾಡ ಅಕ್ಕ ಅಂದೆ. ಹಟ ಹಿಡಿದಳು. ಶುರು ಮಾಡಿದೆ... ಮುದುಕಿ ಬರುವ ಹೊತ್ತಿಗೆ ನಿಲ್ಲಿಸಿದೆ. ಅಜ್ಜಿಯ ದನಿ ಬರುತ್ತಿಲ್ಲ. ಅವನ ದನಿ ಬರುತ್ತಿದೆ.

ಹಂಪಕ್ಕ ನನ್ನನ್ನೇ ನೋಡಿದಳು. "ಸರಿ ಅತ್ಲಾಗ. ಇವತ್ತು ನಾ ಹೇಳ್ತೀನಿ. ನೀ ಕೇಳು."

ದಿಂಬು ಸರಿ ಮಾಡಿಸಿಕೊಂಡಳು. "ಒಂದು ಮೊಸಳಿ ಇತ್ತ್ರೆಪಾ. ಅದಕ್ಕೊಂದು ಆಫೀಸಿತ್ತು."

ಎಲ್ಲ ಹಾಸಿಗೆಯೂ ಒಮ್ಮೆಲೇ ನಕ್ಕವು. ನನಗೂ ನಗು ಬಂತು. ಸಿಟ್ಟು ಹೋಗಲಿಲ್ಲ. ಮುಂದೆ ಅವಳು ಹೇಳಿದ್ದೆಲ್ಲ ಮರೆಯುವ ಮುಂಚೆ ಬರೆದಿಡಬೇಕು. ಆ ಮೊಸಳೆ ಮುದುಕಿಗೆ ಹೇಳಿತಂತೆ, ಹಲ್ಲು ನೀ ಕೀಳು, ಆದರೆ ಕಿತ್ತವರು ಯಾರು ಅಂತ ಕೇಳಿದರೆ—