ಆಮೆನ್ ಹೇಳಲು ತಡವಾದ ಪ್ರಾರ್ಥನೆ

ಲಗುಬೋತಿ
ಸೆಪ್ಟೆಂಬರ್ ೧೪, ೧೯೯೪

ಪ್ರೀತಿಯ ಬೀಗಿತ್ತಿಯವರಿಗೆ, ಲಾಸ್ಮಾಳ ಈ ಅಜ್ಜಿಯಿಂದ ಆ ಅಜ್ಜಿಗೆ ವಂದನೆಗಳು.

ನಿಮ್ಮ ಪತ್ರ ಶುಕ್ರವಾರ ತಲುಪಿತು. ಮಗಳಿಗೆ ಎದೆಹಾಲು ಬತ್ತಿದೆಯಂತೆ, ಮೊಮ್ಮಗಳು ಸೊರಗಿದ್ದಾಳಂತೆ, ಮುಂದಿನ ವಾರ ಬಂದು ಇಬ್ಬರನ್ನೂ ನಮ್ಮೂರು ಸಿದಿಕಾಲಾಂಗಿಗೆ ಕರೆದೊಯ್ಯುತ್ತೇವೆ ಎಂದು ಬರೆದಿದ್ದೀರಿ. ಹೆತ್ತ ಕರುಳು, ತಪ್ಪೇನಿಲ್ಲ. ಆದರೆ ಬಸ್ಸು ಹತ್ತುವ ಮೊದಲು ಇದನ್ನು ಪೂರ್ತಿ ಓದಿ. ಓದಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಹೊಟ್ಟೆತುಂಬ ಬೈಯಿರಿ. ನಿಮ್ಮ ಮಗಳು ರೋತುವಾಳನ್ನು ಮಾತ್ರ ಕರೆದೊಯ್ಯಬೇಡಿ.

ಎಲ್ಲ ಶುರುವಾದದ್ದು ಚರ್ಚಿನಿಂದ ಬಂದ ಒಂದು ಹಾಳೆಯಿಂದ. ನಮ್ಮ ಪಾದ್ರಿಗಳ ಹೆಂಡತಿ ಹೊಸ ತಾಯಂದಿರಿಗೆಂದು ಚರ್ಚಿನಲ್ಲಿ ತರಗತಿ ನಡೆಸಿ ಒಂದು ವೇಳಾಪಟ್ಟಿ ಹಂಚಿದರು. ಬೆಳಿಗ್ಗೆ ಆರಕ್ಕೆ ಹಾಲು, ಹತ್ತಕ್ಕೆ ಹಾಲು, ಎರಡಕ್ಕೆ, ಆರಕ್ಕೆ, ಮತ್ತೆ ಹತ್ತಕ್ಕೆ. ನಡುವೆ ನಿದ್ದೆ, ಅದೂ ತೊಟ್ಟಿಲಲ್ಲಿ, ನಮ್ಮ ಬೆನ್ನಿಗೆ ಕಟ್ಟಿಕೊಂಡಲ್ಲ. ನನ್ನ ಮಗ ಸಾಹತ ಮೇಷ್ಟ್ರಲ್ಲವೇ, ಪಟ್ಟಿ ಕಂಡರೆ ಅವನಿಗೆ ಹಬ್ಬ. ಅದನ್ನು ಯೇಸುಸ್ವಾಮಿಯ ಚಿತ್ರದ ಪಕ್ಕದಲ್ಲೇ ಅಂಟಿಸಿಬಿಟ್ಟ. "ದೇವರು ಹಗಲು ರಾತ್ರಿನೇ ಹೊತ್ತಿಗೆ ಸರಿಯಾಗಿ ಮಾಡಿದ್ದಾನಮ್ಮ, ಮಗೂನೂ ಕಲೀಲಿ" ಎಂದ. ನಾನು, "ದೇವರಿಗೆ ಗಡಿಯಾರ ಕೊಡಿಸಿದ್ದು ನೀನೇ ಏನೋ?" ಎಂದು ಕೇಳಿದೆ. ರೋತುವಾ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಈ ಮನೆಯಲ್ಲಿ ಆಮೇಲೆ ಮೂರು ವಾರ ನಗು ಇರಲಿಲ್ಲ.

ನಿಮ್ಮ ಮಗಳು ಪಾಪ, ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದಳು. ಹನ್ನೆರಡಕ್ಕೆ ಮಗು ಅತ್ತರೆ ತುಟಿ ಕಚ್ಚಿಕೊಂಡು, ಬಟ್ಟೆಯ ಬುಟ್ಟಿ ಎತ್ತಿಕೊಂಡು ಸರೋವರದ ದಂಡೆಗೆ ಹೋಗಿಬಿಡುತ್ತಿದ್ದಳು. ಅಳು ಕೇಳಿದರೆ ತಡೆಯಲಾರೆನೆಂಬ ಭಯ ಅವಳಿಗೆ. ಎರಡು ಗಂಟೆಗೆ ಓಡಿಬಂದು ಎದೆಗಿಟ್ಟುಕೊಂಡರೆ ಲಾಸ್ಮಾ ಮುಖ ತಿರುಗಿಸುತ್ತಿದ್ದಳು. ಎರಡು ಗುಟುಕು ಕುಡಿದರೆ ಹೆಚ್ಚು. ದಿನ ಕಳೆದಂತೆ ಹಾಲೇ ಬತ್ತತೊಡಗಿತು. ಹಾಲು ಹೆಚ್ಚಲೆಂದು ನಾನು ದೊಡ್ಡಪತ್ರೆ ಸೊಪ್ಪು ಹಾಕಿ ಕೋಳಿ ಸಾರು ಮಾಡಿ ಮಾಡಿ ಸೋತೆ. ನಮ್ಮ ಅಂಗಳದ ಕೋಳಿಗಳು ನನ್ನನ್ನು ಕಂಡರೆ ಓಡುತ್ತಿದ್ದವು. ಊರ ಮಕ್ಕಳ ತೂಕ ನೋಡುವ ದಿನ ನರ್ಸಮ್ಮ ಲಾಸ್ಮಾಳನ್ನು ತಕ್ಕಡಿಯ ಬಟ್ಟೆಯಲ್ಲಿ ಮಲಗಿಸಿ ಮುಳ್ಳು ನೋಡಿದಳು. ಒಂದು ತಿಂಗಳಲ್ಲಿ ಬರೀ ನೂರೈವತ್ತು ಗ್ರಾಂ. "ಹೀಗೇ ಆದರೆ ಕಷ್ಟ" ಎಂದಳು. ರೋತುವಾ ಅಲ್ಲಿ ಅಳಲಿಲ್ಲ. ಮನೆಗೆ ಬಂದು, ಹಾಲು ಬತ್ತಿದೆಯೆಂದು ನಿಮಗೆ ಪತ್ರ ಬರೆದಳು.

ಈಗ ನನ್ನ ಪಾಲಿನದು ಹೇಳುತ್ತೇನೆ. ಅವಳು ಬಟ್ಟೆ ಒಗೆಯಲು ಹೋದಾಗಲೆಲ್ಲ ಮಗುವಿಗೆ ಗಂಜಿಯ ತಿಳಿಗೆ ಬೆಲ್ಲ ಕಲಸಿ ಕುಡಿಸುತ್ತಿದ್ದವಳು ನಾನು. ಮೊದಲ ದಿನ ಎರಡು ಚಮಚ. ಆಮೇಲೆ ಅರ್ಧ ಬಟ್ಟಲು. ಕಿವುಚಿದ ಬಾಳೆಹಣ್ಣು ಸಹ. ಬಾಯಿ ಒರೆಸಿ, ಬಟ್ಟಲು ತೊಳೆದು, ಸುಮ್ಮನೆ ಕೂತಿರುತ್ತಿದ್ದೆ. ಗಂಜಿ ನೀರಿನಿಂದ ಹೊಟ್ಟೆ ತುಂಬಿದ ಕೂಸು ಎದೆಹಾಲು ಎಲ್ಲಿಂದ ಕುಡಿದೀತು? ಮಗು ಚೀಪದಿದ್ದರೆ ಹಾಲು ಎಲ್ಲಿಂದ ಬಂದೀತು? ನಾಲ್ಕು ಹೆತ್ತವಳಿಗೆ ಇಷ್ಟು ಗೊತ್ತಿರಲಿಲ್ಲವೇ ಎನ್ನುತ್ತೀರಿ. ಗೊತ್ತಿತ್ತು. ಏಕೆ ಮಾಡಿದಿರಿ ಎಂದರೆ, ಮುದುಕಿಯ ಮೊಂಡುತನ ಎಂದಿಟ್ಟುಕೊಳ್ಳಿ.

ತೂಗಿಸಿ ಬಂದ ಮೂರನೆಯ ದಿನ, ಸಂಜೆಯ ಮನೆ ಪ್ರಾರ್ಥನೆ. ನಮ್ಮಲ್ಲಿ ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸುತ್ತೇವೆ. ಸಾಹತನದಾಯಿತು. ರೋತುವಾ ಕಣ್ಣು ಮುಚ್ಚಿ, "ಕರ್ತನೇ, ನಾನು ಯಾವ ಪಾಪ ಮಾಡಿದೆ ಅಂತ ಹಾಲು ಕಿತ್ಕೊಂಡೆ? ನನಗೇನಾದ್ರೂ ಶಿಕ್ಷೆ ಕೊಡು, ಮಗೂಗೆ ಬೇಡ" ಎಂದಳು. ಮುಂದಿನ ಸರದಿ ನನ್ನದು.

ಎದೆ ಒಡೆದು ಹೋಯಿತು ಬೀಗಿತ್ತಿ. "ಕರ್ತನೇ, ನಿನಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಹಾಲು ಕಿತ್ಕೊಂಡೋನು ನೀನಲ್ಲ, ನಾನು. ದಿನಾ ಮಧ್ಯಾಹ್ನ ಗಂಜಿ ಕುಡಿಸ್ದೋಳು ನಾನೇ" ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆ. ಆಮೆನ್ ಎಂದರೆ ಕಣ್ಣು ತೆರೆಯಬೇಕಲ್ಲ! ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲವೆಂದು ಹಾಗೇ ಮುಂದುವರಿಸಿದೆ. ಪಾದ್ರಿಗಳಿಗಾಗಿ ಬೇಡಿದೆ, ಊರಿನ ಕಾಯಿಲೆಯವರಿಗೆಲ್ಲ ಬೇಡಿದೆ, ಸರೋವರದ ಮೀನುಗಾರರಿಗೆ ಬೇಡಿದೆ, ದೇಶದ ಅಧ್ಯಕ್ಷರಿಗೂ ಅವರ ಮಂತ್ರಿಗಳಿಗೂ ಬೇಡಿದೆ. ಕೊನೆಗೆ ರೋತುವಾಳ ದನಿ ಕೇಳಿತು: "ಅತ್ತೆ, ಆಮೆನ್ ಅನ್ನಿ."

ಅಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. "ಮೂರು ವಾರ ನನ್ನ ಮೈಯೇ ಕೆಟ್ಟಿದೆ ಅಂದ್ಕೊಂಡೆ ಅತ್ತೆ. ನೀವು ಎದುರಿಗೇ ಕೂತ್ಕೊಂಡು ನೋಡ್ತಿದ್ರಿ" ಎಂದು ಎದ್ದು ಹೋದಳು. ಎರಡು ದಿನ ಮಾತಿಲ್ಲ. ಅನ್ನ ಬಡಿಸಿದಳು, ತಟ್ಟೆ ಸದ್ದು ಮಾಡಿತು, ಅಷ್ಟೇ. ಅದು ನನಗೆ ಸಲ್ಲಬೇಕಾದದ್ದೇ.

ಮೂರನೆಯ ದಿನ ತಾನಾಗಿ ಬಂದು ಪಕ್ಕದಲ್ಲಿ ಕೂತು, ಏಕೆ ಹಾಗೆ ಮಾಡಿದಿರಿ ಎಂದು ಮೆಲ್ಲಗೆ ಕೇಳಿದಳು. ಹೇಳಿದೆ. ಅವಳು ಮಗುವನ್ನು ನನ್ನ ಮಡಿಲಿಗಿಟ್ಟಳು. "ಅವಳ ಹಸಿವಿನ ಅಳು ನನಗಿಂತ ನಿಮಗೆ ಬೇಗ ತಿಳಿಯತ್ತೆ. ತಿಳಿದ ತಕ್ಷಣ ನನ್ನ ಕೂಗಿ. ಗಡಿಯಾರ ನೋಡಬೇಡಿ, ಬಟ್ಟಲೂ ಮುಟ್ಟಬೇಡಿ" ಎಂದಳು. ಸಾಹತ ಗೊಣಗಿದ, ಅವಳು ದುರುಗುಟ್ಟಿ ನೋಡಿದಳು, ಅವನು ಪೆನ್ಸಿಲು ತಂದು ಪಟ್ಟಿಯಲ್ಲಿ ಹಾಲಿನ ಹೊತ್ತುಗಳನ್ನೆಲ್ಲ ಹೊಡೆದುಹಾಕಿದ. ನಿದ್ದೆಯ ಸಾಲು ಮಾತ್ರ ಉಳಿದಿದೆ. ನ್ಯಾಯವಾಗಿ ಹೇಳಬೇಕೆಂದರೆ ಅದು ಚೆನ್ನಾಗಿಯೇ ಇದೆ. ಸಂಜೆ ಬಿಸಿನೀರು, ಹೊಟ್ಟೆತುಂಬ ಹಾಲು, ಒಂದು ಕೀರ್ತನೆ, ತೊಟ್ಟಿಲು. ನಾನು ಹಾಡುವುದು ಎರಡನೆಯ ಚರಣದವರೆಗೆ ಬರುವಷ್ಟರಲ್ಲಿ ಲಾಸ್ಮಾಳಿಗೆ ನಿದ್ದೆ. ನನ್ನ ಮಕ್ಕಳಲ್ಲಿ ಒಬ್ಬರೂ ಹೀಗೆ ಮಲಗಿದ್ದಿಲ್ಲ. ಇದನ್ನು ಸಾಹತನಿಗೆ ಹೇಳಬೇಡಿ, ತಲೆಯ ಮೇಲೆ ಕೂರುತ್ತಾನೆ.

ಮೊನ್ನೆ ಮತ್ತೆ ತೂಗಿಸಿದೆವು. ಹದಿನೈದು ದಿನಕ್ಕೆ ನಾನೂರು ಗ್ರಾಂ! ರೋತುವಾಳ ಕುಪ್ಪಸ ಈಗ ದಿನಕ್ಕೆರಡು ಸಲ ಒದ್ದೆಯಾಗುತ್ತದೆ. ಬನ್ನಿ, ಖಂಡಿತ ಬನ್ನಿ. ಬಂದು ನಾಲ್ಕು ದಿನ ಇದ್ದು, ನಿಮ್ಮ ಕಣ್ಣಿಂದಲೇ ನೋಡಿ ಹೋಗಿ. ಎರಡು ಕೋಳಿ ತನ್ನಿ, ನಮ್ಮವು ಮುಗಿದಿವೆ.

ಕ್ಷಮೆ ಕೇಳುತ್ತಾ,
ನಿಮ್ಮ ಬೀಗಿತ್ತಿ,
ಲಾಸ್ಮಾಳ ಅಜ್ಜಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಾಲ್ಕು ಹೆತ್ತೆ ಎಂದೆನಲ್ಲ, ಐದು. ಐವತ್ತೆಂಟರ ದಂಗೆಯ ವರ್ಷ ಕಾಡಿನಲ್ಲಿ ಅಡಗಿದ್ದಾಗ ನನ್ನ ಮೊದಲ ಮಗ ತೋಗಾರ ಹುಟ್ಟಿದ. ತಿನ್ನಲು ಏನೂ ಇರಲಿಲ್ಲ, ನನಗೆ ಹಾಲು ಬರಲಿಲ್ಲ. ನಲವತ್ತು ದಿನ ಅತ್ತ, ಆಮೇಲೆ ಅಳುವುದನ್ನು ನಿಲ್ಲಿಸಿದ. ಹಸಿದ ಕೂಸಿನ ಅಳು ಕೇಳಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಚೊಚ್ಚಲ ಮಗುವಿನ ಹೆಸರಿನಿಂದಲೇ ತಾಯಿಯನ್ನು ಕರೆಯುವುದು ನಮ್ಮ ಪದ್ಧತಿ. ಆ ನಲವತ್ತು ದಿನ ನಾನು ತೋಗಾರನ ಅಮ್ಮ. ಆಮೇಲೆ ಸಾಹತನ ಅಮ್ಮನಾದೆ, ಈಗ ಲಾಸ್ಮಾಳ ಅಜ್ಜಿ. ಹಳೆಯ ಹೆಸರನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನೆ ಅಂಗಳದಲ್ಲಿ ಕಾಫಿ ಬೀಜ ಒಣಹಾಕುತ್ತಿದ್ದೆ. ಮಗುವನ್ನು ಎದೆಗಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದ ನಿಮ್ಮ ಮಗಳು, "ತೋಗಾರನ ಅಮ್ಮಾ" ಎಂದು ಕರೆದಳು. ಮೂವತ್ತಾರು ವರ್ಷದ ಮೇಲೆ ನಾನು "ಓ" ಎಂದೆ.