ಮೋತ್ ಎತ್ತಿದ ಕೈಗೆ ನೀವಿಟ್ಟ ಹೆಸರು

ಸೇನಾ ಭರ್ತಿಯ ಅಧಿಕಾರಿಗಳಾದ ಮಾನ್ಯರೇ,

ಬರುವ ಏಪ್ರಿಲ್‌ನ ಭರ್ತಿಯ ದಿನ ನನ್ನ ತಮ್ಮ ಮೋತ್‌ನನ್ನು ವೇದಿಕೆ ಹತ್ತಿಸಿ, "ನಾನು ಸ್ವಇಚ್ಛೆಯಿಂದ ಸೈನ್ಯಕ್ಕೆ ಸೇರಿದೆ" ಎಂದು ಮೈಕಿನಲ್ಲಿ ಹೇಳಿಸಲಿದ್ದೀರಂತೆ. ದಯವಿಟ್ಟು ಹೇಳಿಸಬೇಡಿ. ಅದು ಸುಳ್ಳು, ಮತ್ತು ಆ ಸುಳ್ಳು ಅವನದಲ್ಲ, ನಿಮ್ಮದು.

ಕಳೆದ ವರ್ಷ ಸುರಿನ್ ಪ್ರಾಂತ್ಯದ ನಮ್ಮ ತಾಲ್ಲೂಕಿನಲ್ಲಿ ಸೈನ್ಯಕ್ಕೆ ಹುಡುಗರನ್ನು ಆರಿಸುವ ಚೀಟಿಯ ಪೆಟ್ಟಿಗೆಯನ್ನು ತೆರೆಯುವ ಪ್ರಮೇಯವೇ ಬರಲಿಲ್ಲ, ಬೇಕಾದಷ್ಟು ಹುಡುಗರು ತಾವಾಗಿಯೇ ಮುಂದೆ ಬಂದರು, ದೇಶಪ್ರೇಮ ಉಕ್ಕಿ ಹರಿಯಿತು ಎಂದು ಪತ್ರಿಕೆಗಳಿಗೆ ಹೇಳಿದಿರಿ. ಹರಿದದ್ದು ಬೆವರು, ಸ್ವಾಮಿ. ಆ ಶಾಲೆಯ ಅಂಗಳದಲ್ಲಿ ನಾನಿದ್ದೆ. ಕೆಂಪು ಚೀಟಿ ಬಂದರೆ ಎರಡು ವರ್ಷ ಸೈನ್ಯ, ಕಪ್ಪು ಬಂದರೆ ಮನೆ. ಚೀಟಿ ಎತ್ತುವ ಮೊದಲೇ ಒಪ್ಪಿಕೊಂಡರೆ ಒಂದೇ ವರ್ಷ. ಎರಡರ ಭಯ ತೋರಿಸಿ ಒಂದನ್ನು ಮುಂದಿಡುವುದಕ್ಕೆ ಸಂತೆಯಲ್ಲಿ ವ್ಯಾಪಾರ ಅನ್ನುತ್ತಾರೆ. ನಿಮ್ಮ ಕಚೇರಿಯಲ್ಲಿ ಅದಕ್ಕೆ ದೇಶಪ್ರೇಮ ಎಂದು ಯಾವಾಗ ಹೆಸರಿಟ್ಟಿರಿ?

ನಿಮ್ಮ ಸಿಬ್ಬಂದಿಯೊಬ್ಬರು ಮೈಕಿನಲ್ಲಿ ಕೂಗಿದರು: "ಇನ್ನೊಬ್ಬ! ಇನ್ನೊಬ್ಬ ಕೈ ಎತ್ತಿದ್ರೆ ಸಾಕು, ಉಳಿದೋರೆಲ್ಲ ಮನೆಗೆ!"

ಅಂಗಳದಲ್ಲಿ ನೆರೆದಿದ್ದ ಅಷ್ಟೂ ತಾಯಂದಿರು ಬೇರೆಯವರ ಮಕ್ಕಳ ಕಡೆ ತಿರುಗಿದರು. ಎದುರುಮನೆಯ ಲಮೈ ಅತ್ತೆ ಬಂದು ಮೋತ್‌ನ ತೋಳನ್ನೇ ಹಿಡಿದುಕೊಂಡಳು. "ನಿಂಗೆ ಬೈಕ್ ರಿಪೇರಿ ಬರುತ್ತಲ್ಲಪ್ಪ, ಅಲ್ಲಿ ಗ್ಯಾರೇಜಿಗೆ ಹಾಕ್ಕೋತಾರೆ. ನನ್ ಮಗ ಕೊಂಗ್ ನೋಡು, ಬಿಸಿಲಿಗೆ ನಿಂತ್ರೆ ಬಿದ್ದೋಗ್ತಾನೆ."

"ನಿನ್ ಕೊಂಗ್ ಬೆಳಗ್ಗೆಯಿಂದ ಸಂಜೇವರೆಗೂ ಫುಟ್ಬಾಲ್ ಆಡ್ತಾನಲ್ಲತ್ತೆ, ಅದನ್ನೇನು ನೆರಳಲ್ಲಿ ಆಡ್ತಾನಾ?" ಎಂದೆ ನಾನು.

ಮೋತ್ ನಗಲಿಲ್ಲ. ಅವನ ಹೆಂಡತಿಗೆ ಆಗ ಎರಡು ತಿಂಗಳು. "ಅಕ್ಕ, ಕೆಂಪು ಬಂದ್ರೆ ಮಗು ಮಾತು ಕಲಿಯೋ ಹೊತ್ತಿಗೂ ನಾನಿರಲ್ಲ. ಈಗ್ಲೇ ಒಪ್ಕೊಂಡ್ರೆ ನಡೆಯೋ ಹೊತ್ತಿಗಾದ್ರೂ ಬರ್ತೀನಿ," ಎಂದು ಕೈ ಎತ್ತಿದ. ಚಪ್ಪಾಳೆಯೋ ಚಪ್ಪಾಳೆ. ಬಿಸಿಲಿಗೆ ಬೀಳುವ ಕೊಂಗ್ ಕುಣಿದಾಡಿದ. ಸಂಜೆ ಲಮೈ ಅತ್ತೆ ಸುಟ್ಟ ಕೋಳಿ ತಂದುಕೊಟ್ಟಳು, ನಮ್ಮ ಅಮ್ಮನ ಮುಖ ಮಾತ್ರ ನೋಡಲಿಲ್ಲ. ಅವಳ ಮೇಲೆ ನನಗೀಗ ಸಿಟ್ಟಿಲ್ಲ. ಊರಿನ ತಾಯಂದಿರನ್ನು ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟು ಪಕ್ಕದಲ್ಲಿ ನಿಂತಿದ್ದವರು ನೀವು.

ನವೆಂಬರಿನಲ್ಲಿ ಅವನು ಹೊರಟ ವಾರವೇ ಮಗಳು ಹುಟ್ಟಿದಳು. ಗಡಿಯಲ್ಲಿ ಗಲಾಟೆಯೆಂದು ರಜೆ ರದ್ದಾಗುತ್ತಲೇ ಇದೆ. ಇಂದಿಗೂ ಅವನು ಅವಳನ್ನು ಫೋನಿನಲ್ಲಷ್ಟೇ ನೋಡಿದ್ದಾನೆ. ಮೊನ್ನೆ ನಾನು ಭಾಷಣದ ಬಗ್ಗೆ ಕೇಳಿದೆ, "ಅಲ್ವೋ, ಅದನ್ನ ಹೇಗೋ ಹೇಳ್ತೀಯ?"

"ಹೇಳಿದ್ರೆ ಹತ್ತು ದಿನ ರಜೆ ಕೊಡ್ತಾರಂತಕ್ಕ," ಎಂದ. "ಅಷ್ಟಕ್ಕೆ ಏನ್ ಬೇಕಾದ್ರೂ ಹೇಳ್ತೀನಿ."

ಫೋನಿಟ್ಟು ನಾನು ಅತ್ತುಬಿಟ್ಟೆ. ಅವನು ಹೇಳುವ ಮಾತು ನಂಬಿ ಈ ವರ್ಷ ಇನ್ನೆಷ್ಟು ಹುಡುಗರು ಕೈ ಎತ್ತುತ್ತಾರೋ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಹತ್ತು ದಿನದ ರಜೆಯನ್ನು ಮೊದಲು ಕೊಡಿ, ಯಾವ ಷರತ್ತೂ ಇಲ್ಲದೆ. ಅವನು ಮನೆಗೆ ಬರಲಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಆಮೇಲೆ ನೀವೇ ಬಂದು, ಮೈಕಿಲ್ಲದೆ, ಅವನನ್ನು ಕೇಳಿ: "ವೇದಿಕೆಗೆ ಬಂದು ಮಾತಾಡ್ತೀಯೇನಪ್ಪ?" ಆಗಲೂ ಅವನು ಮಗುವನ್ನು ಕೆಳಗಿಳಿಸಿ ಎದ್ದು ಬಂದರೆ, ಅದನ್ನು ಸ್ವಇಚ್ಛೆ ಎಂದು ನಾನೂ ಕರೆಯುತ್ತೇನೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಹೆಮ್ಮೆಪಡುತ್ತಿರುವ ಅಕ್ಕ,
ಸಾಯ್‌ರುಂಗ್