ಎರಡು ಬಗೆಯ ನಾಲ್ಕು

ಲಿಂಗಸುಗೂರು, ೬ ಮಾರ್ಚ್ ೧೯೪೪, ಸೋಮವಾರ

ಬೆಳಿಗ್ಗೆಯಿಂದ ಅದೇ ಕೆಲಸ. ಛಾಪಿಸಿ ಮುಗಿದ ಅರಬ್ಬಿ ಪ್ರಾರ್ಥನಾ ಪುಸ್ತಕದ ಪುಟ ಬಿಚ್ಚಿ ಅಚ್ಚಿನ ಮೊಳೆಗಳನ್ನು ಅವುಗಳ ಖಾನೆಗಳಿಗೆ ಹಂಚಿದೆ. ಪಕ್ಕದಲ್ಲಿ ನನ್ನ ಉಸ್ತಾದ್ ಹುಸೇನ್‌ಸಾಬರು ಸಿಂಧನೂರಿನ ಕನ್ಯಾಶಾಲೆಯ ಉರ್ದು ನಿಯಮಾವಳಿ ಜೋಡಿಸುತ್ತಿದ್ದಾರೆ. ಒಟ್ಟು ಐವತ್ತು ದಫಾ, ಅಂದರೆ ನಿಯಮ; ಮೂವತ್ತೊಂಬತ್ತು ಮುಗಿದಿವೆ. ಅವರ ಕಣ್ಣು ಮಸುಕು, ಬೆರಳು ಮಾತ್ರ ಓಡುತ್ತದೆ.

ಊರ ಶಾಲೆಯಲ್ಲಿ ಹೊರಗೆ ಕೂರುತ್ತಿದ್ದ ನನ್ನನ್ನು ಇವರು ಮಗ್ಗುಲಲ್ಲೇ ಕೂರಿಸಿಕೊಂಡರು. ಹನ್ನೆರಡು ವರ್ಷವಾಯಿತು. "ದುರುಗಪ್ಪ, ಅಕ್ಷರ ಬಲಗಡಿಂದ ಬರ್ತಾವ, ಅಂಕಿ ಎಡಗಡಿಂದ. ಹನ್ನೆರಡು ಹೋಗಿ ಇಪ್ಪತ್ತೊಂದಾದ್ರ ಜನ ನಗ್ತಾರ ನೋಡು." ಕೈ ಹಿಡಿದು ಒಂದೊಂದೇ ಮೊಳೆ ಸವರಿಸುತ್ತಿದ್ದರು. ಆ ಕೈಗೆ ಮಸಿಯ ವಾಸನೆ, ಅತ್ತರಿನದೂ… ಎಂಥ ದಿನಗಳು.

೮ ಮಾರ್ಚ್

ಪ್ರೂಫ್ ಬಂತು. ನಲವತ್ತರಿಂದ ನಲವತ್ತೊಂಬತ್ತರವರೆಗಿನ ದಫಾಗಳ ಅಂಕಿಗಳು ಕೆಟ್ಟಿವೆ. ಒಂದು ಕಡೆ ಫಾರಸಿ ನಾಲ್ಕು, ಅದರ ಪಕ್ಕದಲ್ಲೇ ಅರಬ್ಬಿ ನಾಲ್ಕು. ಎರಡರ ಆಕಾರವೇ ಬೇರೆ. ಇಲ್ಲಿ ಉರ್ದು ಓದುವವರಿಗೆ ಫಾರಸಿಯದೇ ರೂಢಿ.

ಮಾಲೀಕ ಮರಿಸ್ವಾಮಿಯವರು ಹಾಳೆಯನ್ನು ಮೇಜಿಗೆ ಬಡಿದರು. "ಸಾಬ್ರ, ಕಣ್ಣು ಹೋಗ್ಯಾವ ನಿಮಗ. ಇನ್ನ ಮನಿಯಾಗ ಕುಂದರ್ರಿ."

ಹುಸೇನ್‌ಸಾಬರು ಟೋಪಿ ಸರಿಮಾಡಿಕೊಂಡು ತಮ್ಮೂರು ಮಸ್ಕಿಯ ದಾರಿ ಹಿಡಿದರು.

ಆಮೇಲೆ ಖಾನೆ ನೋಡಿದೆ. ಫಾರಸಿ ನಾಲ್ಕರ ಜೊತೆ ಅರಬ್ಬಿ ಮೊಳೆ ಬೆರೆತಿದೆ. ಸೋಮವಾರ ಹಂಚಿದವನು ನಾನು.

ಬಾಯಿ ಬಿಡಲಿಲ್ಲ. ಕೆಲಸ ಹೋದರೆ ನನ್ನಂಥವನಿಗೆ ಇನ್ನಾವ ಛಾಪಖಾನೆ?

೧೩ ಮಾರ್ಚ್

ಹೇಳಿಯೇಬಿಟ್ಟೆ. ಮಾಲೀಕರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು.

"ಐದು ದಿನ ಯಾಕ ಸುಮ್ಮನಿದ್ದಿಲೇ?"

"ಅಂಜಿಕಿ ಆತ್ರಿ."

"ಹೋಗು, ಕರ್ಕೊಂಡು ಬಾ. ನಾನೂ ತಪ್ಪು ಮಾತಾಡೀನಿ ಅಂತ ಹೇಳು."

೧೪ ಮಾರ್ಚ್, ಮಸ್ಕಿ

ಅವರ ಮಗಳು ಮುನ್ನಿಬೀ ಬಾಗಿಲು ತೆರೆದಳು. "ಬಂದಾಗಿಂದ ಅಬ್ಬಾ ಬರೇ ಕೈ ನೋಡ್ಕೋತ ಕುಂತಾರ."

ಉಸ್ತಾದರ ಕಾಲ ಬಳಿ ಕುಳಿತು ಎಲ್ಲ ಹೇಳಿದೆ.

"ಜೋಡಿಸುವಾಗ ಬೆರಳು ಹೇಳ್ತಿತ್ತಪಾ, ಇದು ನಮ್ಮ ನಾಲ್ಕಲ್ಲ ಅಂತ," ಎಂದರು. "ಬೆರಳಿಗೂ ವಯಸ್ಸಾತು ಅಂತ ನಾನೇ ಕೇಳ್ಲಿಲ್ಲ. ಅಂದ್ರ… ನನ್ನ ಕೈ ಸುಳ್ಳು ಹೇಳಿದ್ದಿಲ್ಲ?"

"ಇಲ್ರಿ ಉಸ್ತಾದ್."

ಜೋರಾಗಿ ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

೧೬ ಮಾರ್ಚ್, ಮಧ್ಯಾಹ್ನ

ಉಸ್ತಾದ್ ಛಾಪಖಾನೆಗೆ ಮರಳಿದ್ದಾರೆ. ನಾನು ಓದುತ್ತೇನೆ, ಅವರು ಕೊನೆಯ ಪುಟಗಳನ್ನು ಹೊಸದಾಗಿ ಜೋಡಿಸುತ್ತಾರೆ. ನಲವತ್ತೊಂಬತ್ತರವರೆಗೆ ಆಯಿತು. ಒಂದೂ ತಪ್ಪಿಲ್ಲ. ಇನ್ನೆಷ್ಟು ದಿನ ಹೀಗೆ, ಗೊತ್ತಿಲ್ಲ. ಈಗಲೇ ಬರೆದಿಟ್ಟುಕೊಳ್ಳಬೇಕು — ಅವರು ಹೇಗೆ ತಲೆ ವಾಲಿಸುತ್ತಾರೆ, ಹೇಗೆ ಮೊಳೆಯನ್ನು ಒಮ್ಮೆ ಸವರಿ…

ಕರೆಯುತ್ತಿದ್ದಾರೆ. "ಏ ದುರುಗಪ್ಪ, ಬರದದ್ದು ಸಾಕು ಬಾ. ಐವತ್ತನೇದು ಓದು—"